ಹೆರಾಲ್ಡಿಗೆ ಅಗಲದ ಟೈರು ಬೇಕೆ?

ಪ್ರಶ್ನೆ: ತಂದೆಯವರ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ರಿಪೇರಿ ಮಾಡಿಸಿ ಮತ್ತೆ ರಸ್ತೆಗೆ ಇಳಿಸಿದ್ದೇನೆ. ಮಾದಾಪುರದ ಮೇಲೆ ಮಡಿಕೇರಿಗೆ ಹೋಗುವಾಗ ತಿರುವುಗಳಲ್ಲಿ ಕಾರಿನ ಹಿಂಭಾಗ ಎದ್ದು ಜಾರಿದಂತಾಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಹಾಕುವಂಥ ಅಗಲವಾದ, ಒಳ್ಳೆ ಗ್ರಿಪ್ ಇರುವ ಮೆದು ರಬ್ಬರಿನ ಟೈರು ಹಾಕಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. 185 ಸೈಜು ಹಾಕಿಸಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಹಾಕಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ‘ಎದ್ದು ಜಾರಿದಂತಾಗುತ್ತದೆ’ ಎಂಬ ಮಾತಿದೆ. ಆ ‘ಎದ್ದು’ ಎಂಬುದನ್ನು ಬೇರೆಯವರು ಗಮನಿಸದೆ ಬಿಟ್ಟಿರಬಹುದು. ನಿಮ್ಮ ಕಾರಿನ ತೊಂದರೆ ಇರುವುದು ಅಲ್ಲೇ. ಟೈರು ಸಣ್ಣದಾಗಿದ್ದಕ್ಕೆ ಹೆರಾಲ್ಡ್ ಹಾಗೆ ಮಾಡುವುದಿಲ್ಲ. ಅದರ ಹಿಂದಿನ ಚಕ್ರಗಳನ್ನು ಜೋಡಿಸಿರುವ ರೀತಿಯೇ ಹಾಗೆ. ಅಂಥ ಕಾರಿಗೆ ಗ್ರಿಪ್ ಹೆಚ್ಚಿಸುತ್ತಾ ಹೋದರೆ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಕೇಳಲು ವಿಚಿತ್ರವಾಗಿದ್ದರೂ ಇದು ನಿಜ. ಹೇಗೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಗೆಳೆಯರು ಹೆರಾಲ್ಡನ್ನು ಸ್ಪೋರ್ಟ್ಸ್ ಕಾರುಗಳ ಸಾಲಿಗೆ ಸೇರಿಸಿದ್ದರಲ್ಲಿ ತಪ್ಪೇನಿಲ್ಲ. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಹೊರಬಂದದ್ದು 1959ರಲ್ಲಿ. ಅದೇ ಕಾರಿನ ಅಂಗಾಂಗಗಳ ಮೇಲೆ, ಅದೇ ಮಿಕೆಲೊಟ್ಟಿಯ ಕೈಯಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಹುಟ್ಟಿತು. ನಮ್ಮಲ್ಲಿ 1961ರಿಂದ 1971ರವರೆಗೆ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಹೆರಾಲ್ಡನ್ನು ತಯಾರಿಸಿತು. ಎಂಜಿನ್ 948 ಸಿಸಿ. ಅಂಬಾಸಡರ್, ಫಿಯಟ್ ಕಾರುಗಳ ಕಾಲದಲ್ಲಿ ನಾಲ್ಕೂ ಚಕ್ರಗಳಿಗೆ ಬೇರೆಬೇರೆ ಸಸ್ಪೆನ್ಷನ್, ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್ ಇದ್ದ ಕಾರು ಇದು. ಸುಮಾರು 25 ಅಡಿ ಜಾಗದಲ್ಲಿ ಒಂದು ಸುತ್ತು ಹಾಕಿಬಿಡುತ್ತದೆ. ಸೋಮವಾರಪೇಟೆಯ ಸಂತೆಯ ದಿನ ಮಾರುಕಟ್ಟೆ ರಸ್ತೆಯಲ್ಲಿ ಕಾರು ತಿರುಗಿಸಿದವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಈಗ ಹಿಂದಿನ ಚಕ್ರಗಳ ವಿಚಾರಕ್ಕೆ ಬರೋಣ. ಅಂಬಾಸಡರ್ ಕಾರಿನಲ್ಲಿ ಎರಡೂ ಹಿಂಚಕ್ರಗಳ ನಡುವೆ ಒಂದೇ ಗಟ್ಟಿ ಹೌಸಿಂಗ್ ಇರುತ್ತದೆ. ಹೆರಾಲ್ಡಿನಲ್ಲಿ ಹಾಗಿಲ್ಲ. ಡಿಫರೆನ್ಷಿಯಲ್ಲನ್ನು ಷಾಸಿಗೇ ಬೋಲ್ಟ್ ಹಾಕಿ ಕೂರಿಸಿ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸೆಲ್ ಬಿಟ್ಟಿದ್ದಾರೆ. ಒಳತುದಿಯಲ್ಲಿ ಮಾತ್ರ ಒಂದೊಂದು ಜಾಯಿಂಟ್. ಹೊರತುದಿಯಲ್ಲಿ ಚಕ್ರ ಆಕ್ಸೆಲ್ಲಿಗೆ ನೇರವಾಗಿ ಬಿಗಿದುಕೊಂಡಿದೆ. ಮೇಲೆ ಅಡ್ಡಲಾಗಿ ಪಟ್ಟಿಗಳನ್ನು ಜೋಡಿಸಿದ ಒಂದೇ ಒಂದು ಕಮಾನು (ಸ್ಪ್ರಿಂಗ್). ಇದನ್ನು ಸ್ವಿಂಗ್ ಆಕ್ಸೆಲ್ ಎನ್ನುತ್ತಾರೆ. ಹೀಗಾಗಿ ಕಾರಿನ ಬಾಡಿ ಮೇಲೆದ್ದಾಗಲೆಲ್ಲ ಹಿಂಚಕ್ರಗಳ ಬುಡ ಕಾರಿನ ಅಡಿಗೆ, ಒಳಕ್ಕೆ ಮಡಚಿಕೊಳ್ಳುತ್ತದೆ. ಬಾಡಿ ತಗ್ಗಿದಾಗ ಬುಡ ಹೊರಕ್ಕೆ ಹರಡಿಕೊಳ್ಳುತ್ತದೆ.

ಮಾದಾಪುರದ ಕಡೆಗೆ ಇಳಿಯುವಾಗ ಎಡಕ್ಕೊಂದು ಬಿಗಿಯಾದ ತಿರುವು ಬಂತು ಎಂದುಕೊಳ್ಳಿ. ಕಾರಿನ ಭಾರವೆಲ್ಲ ಬಲಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಕಾರು ತಿರುಗಬೇಕಾದರೆ ರಸ್ತೆ ಬಲ ಹಿಂಚಕ್ರದ ಬುಡವನ್ನು ಎಡಕ್ಕೆ, ಅಂದರೆ ಕಾರಿನ ಅಡಿಗೆ ಒತ್ತಲೇಬೇಕು. ಆಕ್ಸೆಲ್ಲಿನ ಜಾಯಿಂಟ್ ಇರುವುದು ಎತ್ತರದಲ್ಲಿ, ಟೈರು ನೆಲ ಮುಟ್ಟುವುದು ತಗ್ಗಿನಲ್ಲಿ. ಹಾಗಾಗಿ ಈ ಒತ್ತಡದ ಒಂದು ಪಾಲು ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಹಿಂಭಾಗ ಎದ್ದಷ್ಟೂ ಚಕ್ರದ ಬುಡ ಇನ್ನಷ್ಟು ಒಳಗೆ ಸರಿಯುತ್ತದೆ, ಬುಡ ಒಳಗೆ ಸರಿದಷ್ಟೂ ಹಿಂಭಾಗ ಇನ್ನಷ್ಟು ಏಳುತ್ತದೆ. ಕೊನೆಗೆ ಟೈರು ತನ್ನ ಅಂಚಿನ ಮೇಲೆ ನಿಂತು, ಇದ್ದ ಹಿಡಿತವನ್ನು ಒಮ್ಮೆಲೇ ಬಿಟ್ಟುಬಿಡುತ್ತದೆ. ತಿರುವಿನ ಮಧ್ಯದಲ್ಲಿ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಅಥವಾ ಬ್ರೇಕ್ ಒತ್ತಿದರೆ, ಭಾರ ಮುಂದಕ್ಕೆ ಹೋಗಿ ಹಿಂಭಾಗ ತಾನಾಗಿಯೇ ಏಳುತ್ತದೆ. ಎಲ್ಲವೂ ಶುರುವಾಗುವುದು ಅಲ್ಲಿಂದ.

ಇಲ್ಲಿ ಟೈರಿನ ಪಾತ್ರವೇನು? ಹಿಡಿತ ಸಾಧಾರಣವಾಗಿರುವ ಟೈರಾದರೆ ಹಿಂಭಾಗ ಅಷ್ಟು ಎತ್ತರಕ್ಕೆ ಏಳುವ ಮೊದಲೇ ಮೆಲ್ಲಗೆ ಜಾರತೊಡಗುತ್ತದೆ. ನಿಮಗೆ ತಿಳಿಯುತ್ತದೆ, ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. ಮೆದು ರಬ್ಬರಿನ ಟೈರು ಜಾರದೆ ಹಿಡಿದೇ ಇರುತ್ತದೆ. ಹಿಡಿದಷ್ಟೂ ಅಡ್ಡ ಒತ್ತಡ ಹೆಚ್ಚು, ಒತ್ತಡ ಹೆಚ್ಚಾದಷ್ಟೂ ಎತ್ತುವ ಬಲವೂ ಹೆಚ್ಚು. ಅದು ಬಿಡುವ ಹೊತ್ತಿಗೆ ಕಾರಿನ ವೇಗವೂ ಹೆಚ್ಚಿರುತ್ತದೆ, ಚಕ್ರವೂ ಪೂರ್ತಿ ಮಡಚಿಕೊಂಡಿರುತ್ತದೆ. ಅಗಲವಾದ, ಗಿಡ್ಡ ಗೋಡೆಯ ಟೈರಿನ ಮೇಲ್ಮೈ ಚಪ್ಪಟೆ. ವಾಲಿ ನಿಂತಾಗ ಅದರ ಒಂದು ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಎತ್ತರದ ಗೋಡೆಯ ಸಣ್ಣ ಟೈರು ಆ ವಾಲುವಿಕೆಯನ್ನು ಎಷ್ಟೋ ಚೆನ್ನಾಗಿ ಸಹಿಸಿಕೊಳ್ಳುತ್ತದೆ.

ಇದು ಹೆರಾಲ್ಡ್ ಒಂದರದ್ದೇ ಸಮಸ್ಯೆಯಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲೂ ಬಹುಕಾಲ ಸ್ವಿಂಗ್ ಆಕ್ಸೆಲ್ಲೇ ಇತ್ತು. ಅಮೆರಿಕದ ಷೆವರ್ಲೆ ಕೊರ್ವೇರ್ ಕಾರಿನ ಇದೇ ವಿನ್ಯಾಸದ ಮೇಲೆ ರಾಲ್ಫ್ ನಾಡರ್ 1965ರಲ್ಲಿ ದೊಡ್ಡ ವಾದವನ್ನೇ ಎಬ್ಬಿಸಿದರು. ಅದೇ ಕಾಲದ ಬೇರೆ ಕಾರುಗಳಿಗಿಂತ ಕೊರ್ವೇರ್ ಕೆಟ್ಟದ್ದೇನಲ್ಲ ಎಂದು 1972ರ ಸರ್ಕಾರಿ ವರದಿ ಹೇಳಿತು, ಆ ಮಾತು ಬೇರೆ. ಟ್ರಯಂಫ್ ಕಂಪನಿ ತಾನೇ 1970ರ ನಾಲ್ಕನೇ ಮಾದರಿಯ ಸ್ಪಿಟ್‌ಫೈರ್ ಕಾರಿನಲ್ಲಿ ಹಿಂದಿನ ಕಮಾನನ್ನು ಬದಲಿಸಿತು. ಕೆಳಗಿನ ಒಂದು ಪಟ್ಟಿಯನ್ನು ಬಿಗಿದು, ಉಳಿದವು ನಡುವಿನಲ್ಲಿ ತೂಗಾಡುವಂತೆ ಮಾಡಿದ ಮೇಲೆ ಚಕ್ರ ಮಡಚುವುದು ಬಹಳ ಮಟ್ಟಿಗೆ ತಗ್ಗಿತು. ಮದ್ರಾಸಿನವರು ಇನ್ನೂ ಸರಳವಾದ ದಾರಿ ಹಿಡಿದರು. ಹೆರಾಲ್ಡ್ ನಿಂತ ಮೇಲೆ 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜೆಲ್ ಕಾರಿಗೆ ಸ್ವಿಂಗ್ ಆಕ್ಸೆಲ್ ಬಿಟ್ಟು ಗಟ್ಟಿ ಆಕ್ಸೆಲ್ಲನ್ನೇ ಕೂರಿಸಿದರು. ಸಮಸ್ಯೆಯನ್ನು ಅಗಲದ ಟೈರಿನಿಂದ ಪರಿಹರಿಸಲು ಇವರ‍್ಯಾರೂ ಹೋಗಲಿಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಟೈರು ಅಂಗಡಿಗೆ ಹೋಗುವ ಮೊದಲು ನಿಮ್ಮ ಅಂಗಳದಲ್ಲೇ ಒಂದು ಪರೀಕ್ಷೆ ಮಾಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ಕೂತು ನೋಡಿ. ಜಾಕಿ ಕೊಟ್ಟು ಇಳಿಸಿದ ತಕ್ಷಣ ನೋಡಬೇಡಿ. ಆಗ ಚಕ್ರಗಳು ಬುಡ ಒಳಗೆ ಸೇರಿಸಿಕೊಂಡೇ ನಿಂತಿರುತ್ತವೆ. ಕಾರನ್ನು ಹತ್ತಿಪ್ಪತ್ತು ಅಡಿ ಮುಂದಕ್ಕೆ ಹಿಂದಕ್ಕೆ ತಳ್ಳಿದ ಮೇಲೆ ತಮ್ಮ ನಿಜವಾದ ಜಾಗಕ್ಕೆ ಬರುತ್ತವೆ. ಒಳಗೆ ಇಬ್ಬರು ಕೂತಿರುವಾಗ ಹಿಂಚಕ್ರಗಳು ನೆಟ್ಟಗಿರಬೇಕು, ಅಥವಾ ಅವುಗಳ ತಲೆ ಒಂದಿಷ್ಟು ಒಳಕ್ಕೆ ವಾಲಿರಬೇಕು. ತಲೆ ಹೊರಕ್ಕೆ, ಬುಡ ಒಳಕ್ಕೆ ಇದ್ದರೆ ನಿಮ್ಮ ಕಮಾನಿನ ಎತ್ತರ ಹೆಚ್ಚಾಗಿದೆ ಎಂದರ್ಥ. ರಿಪೇರಿ ಮಾಡಿಸಿದೆ ಎಂದಿದ್ದೀರಿ. ತೋಟದ ರಸ್ತೆಯಲ್ಲಿ ಅಡಿ ತಾಗದಿರಲಿ ಎಂದು ಕಮಾನಿಗೆ ಹೊಸ ಪಟ್ಟಿ ಸೇರಿಸಿ ಎತ್ತರಿಸುವುದು ನಮ್ಮ ಗ್ಯಾರೇಜುಗಳಲ್ಲಿ ಮಾಮೂಲು. ಜೀಪಿಗೆ ಅದು ಸರಿ, ಹೆರಾಲ್ಡಿಗೆ ಅದು ನೇರವಾಗಿ ಅಪಾಯ. ನನ್ನ ಊಹೆ ಸರಿಯಾಗಿದ್ದರೆ ನಿಮ್ಮ ಕಾರು ತಿರುವಿನಲ್ಲಿ ಎದ್ದಂತಾಗಲು ಇದೇ ಕಾರಣ. ಕಮಾನನ್ನು ಬಿಚ್ಚಿಸಿ ಮೊದಲಿನ ಬಾಗಿಗೆ ತರಿಸಿ. ಟೈರಿಗೆ ಖರ್ಚು ಮಾಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

ಇನ್ನು ಅಗಲದ ಮಾತು. ಅಗಲದ ಟೈರು ಹೆಚ್ಚು ನೆಲ ಮುಟ್ಟುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಟೈರು ನೆಲ ಮುಟ್ಟುವ ಜಾಗ ಎಷ್ಟೆಂದು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಇಬ್ಬರು ಕೂತ ಹೆರಾಲ್ಡಿನ ಒಂದು ಚಕ್ರದ ಮೇಲೆ ಹತ್ತಿರಹತ್ತಿರ 240 ಕಿಲೊ ಭಾರ ಬೀಳುತ್ತದೆ. 24 ಪೌಂಡ್ ಗಾಳಿ ಇದ್ದರೆ ಟೈರು ನೆಲ ಮುಟ್ಟುವುದು ಸುಮಾರು 140 ಚದರ ಸೆಂಟಿಮೀಟರ್, ಬೆರಳುಗಳೂ ಸೇರಿ ನಿಮ್ಮ ಅಂಗೈಯಷ್ಟು. ಅದೇ ಗಾಳಿಯಲ್ಲಿ ಅಗಲದ ಟೈರು ಹಾಕಿದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ. ಒಣಗಿದ, ಬಿಸಿಯಾದ ರೇಸ್ ಟ್ರ್ಯಾಕಿನಲ್ಲಿ ಈ ಅಡ್ಡ ಆಕಾರದಿಂದ ಲಾಭವಿದೆ. ಸೋಮವಾರಪೇಟೆಯ ರಸ್ತೆ ಹಾಗಿರುವುದು ವರ್ಷದಲ್ಲಿ ಎಷ್ಟು ತಿಂಗಳು?

ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ನಿಮ್ಮಲ್ಲಿ ಡಾಂಬರು ಒಣಗುವುದೇ ಅಪರೂಪ. ಮರದ ನೆರಳಿನ ತಿರುವುಗಳಲ್ಲಿ ಅಂಚಿಗೆ ಪಾಚಿ, ಅದರ ಮೇಲೆ ಸಿಲ್ವರ್ ಓಕಿನ ಒದ್ದೆ ಎಲೆ, ತೋಟದ ಗೇಟಿನ ಬಳಿ ಟ್ರ್ಯಾಕ್ಟರ್ ಚಕ್ರ ತಂದು ಹಾಕಿದ ಕೆಂಪು ಕೆಸರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡಗಳೇ ರಸ್ತೆಗೆ ಬಂದದ್ದನ್ನು ನೀವು ಕಣ್ಣಾರೆ ಕಂಡವರು. ಅಂಥ ನೆಲದಲ್ಲಿ ಟೈರು ಮೊದಲು ನೀರನ್ನೂ ಕೆಸರನ್ನೂ ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು. ಹಗುರವಾದ ಕಾರಿನ ಅಗಲದ ಟೈರು ಅದರ ಮೇಲೆ ತೇಲುತ್ತದೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಕಾರುಗಳನ್ನೇ ನೋಡಿ: ಡಾಂಬರು ರಸ್ತೆಗೆ 235 ಅಗಲದ ಟೈರು ಹಾಕುವ ಅದೇ ತಂಡ ಮಣ್ಣಿನ ರಸ್ತೆಗೆ 205ಕ್ಕೆ ಇಳಿಯುತ್ತದೆ.

ಮಳೆಗಾಲಕ್ಕಿಂತ ಮೋಸದ ದಿನ ಇನ್ನೊಂದಿದೆ, ಹೂಮಳೆಯ ದಿನ. ತಿಂಗಳುಗಟ್ಟಲೆ ಒಣಗಿದ ರಸ್ತೆಯಲ್ಲಿ ಕೂತ ದೂಳು, ಲಾರಿಗಳ ಎಣ್ಣೆ, ಸವೆದ ರಬ್ಬರಿನ ಪುಡಿ ಎಲ್ಲವೂ ಮೊದಲ ಅರ್ಧ ಗಂಟೆಯ ಮಳೆಗೆ ಕಲಸಿಕೊಂಡು ತೆಳುವಾದ ಜಾರುಪದರವಾಗುತ್ತದೆ. ಕಾಫಿ ಹೂವಿಗೆ ಮಳೆ ಬಂತೆಂಬ ಸಂತೋಷದಲ್ಲಿ ಕಾರು ಹೊರಡಿಸುವ ಮುನ್ನ ಆ ಅರ್ಧ ಗಂಟೆ ಕಾಯುವುದು ಒಳ್ಳೆಯದು.

ಮೆದು ರಬ್ಬರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರ್ಯಾಕಿಗೆಂದೇ ಮಾಡಿದ ಅಂಟು ಟೈರುಗಳು ಬಿಸಿಯಾದಾಗ ಮಾತ್ರ ಹಿಡಿಯುತ್ತವೆ. ಆಷಾಢದ ಚಳಿಮಳೆಯಲ್ಲಿ ಗಂಟೆಗೆ 40 ಕಿ.ಮೀ. ಹೋಗುವ ಕಾರಿನಲ್ಲಿ ಅವು ಬಿಸಿಯಾಗುವುದೇ ಇಲ್ಲ. ಅವುಗಳ ಗೀರುಗಳೂ ಕಡಿಮೆ. ಮೇಲಾಗಿ 13 ಇಂಚಿಗೆ ಬರುವ ಅಂಥ ಟೈರುಗಳು ಹೆಚ್ಚಾಗಿ ಹೊರದೇಶದವು. 2020ರ ಜೂನ್‌ನಿಂದ ಹೊಸ ಟೈರುಗಳ ಆಮದಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕು.

ಹಾಗಾದರೆ ಯಾವುದು? ನಿಮ್ಮ ಕಾರಿಗೆ ಕಾರ್ಖಾನೆಯಲ್ಲಿ ಹಾಕಿದ್ದು 5.20-13 ಸೈಜಿನ ಕ್ರಾಸ್ ಪ್ಲೈ ಟೈರು. ನಮ್ಮ ದೇಶದಲ್ಲಿ ಜೆ.ಕೆ. ಟೈರ್ ಕಾರಿನ ರೇಡಿಯಲ್ ಟೈರುಗಳನ್ನು ತಂದದ್ದು 1977ರಲ್ಲಿ, ಹೆರಾಲ್ಡ್ ನಿಂತು ಆರು ವರ್ಷವಾದ ಮೇಲೆ. ಆದ್ದರಿಂದ ಇವತ್ತಿನ ಸಾಧಾರಣ ರೇಡಿಯಲ್ ಕೂಡ ನಿಮ್ಮ ಕಾರು ಹುಟ್ಟಿದಾಗ ಕಂಡಿರದಷ್ಟು ಹಿಡಿತ ಕೊಡುತ್ತದೆ. ನೀವು ಕೇಳುತ್ತಿರುವ ಗ್ರಿಪ್ ಅಲ್ಲಿಯೇ ಸಿಕ್ಕಿತು.

ಮೊದಲು ವೀಲ್ ಡಿಸ್ಕಿನ ಅಗಲ ಅಳೆಸಿ. ಹೆರಾಲ್ಡಿನ ಮೂಲ ಡಿಸ್ಕ್ ಮೂರೂವರೆ ಇಂಚು. ಅದಕ್ಕೆ ಕೂರುವುದು 145/80 ಆರ್ 13. ನಾಲ್ಕು ಇಂಚು ಅಥವಾ ಅದಕ್ಕಿಂತ ಅಗಲದ ಡಿಸ್ಕ್ ಇದ್ದರೆ ಮಾತ್ರ 155/80 ಆರ್ 13. ಸ್ಪಿಟ್‌ಫೈರ್ ಕಾರಿನ ನಾಲ್ಕೂವರೆ ಇಂಚಿನ ಡಿಸ್ಕ್ ಸಿಕ್ಕರೆ ನೇರವಾಗಿ ಕೂರುತ್ತದೆ. ಎರಡೂ ಸೈಜು ಮಾರುತಿಯ ವ್ಯಾಗನ್ ಆರ್ ಕಾರುಗಳಿಗೆ ಬಳಕೆಯಾದವು, ಹಾಗಾಗಿ ಕುಶಾಲನಗರದಲ್ಲೋ ಮೈಸೂರಿನಲ್ಲೋ ಹುಡುಕಿದರೆ ಸಿಗುತ್ತವೆ. 155/80ರ ಒಟ್ಟು ಎತ್ತರ 578 ಮಿಲಿಮೀಟರ್, ಹಳೆಯ ಟೈರಿಗೆ ಬಹಳ ಹತ್ತಿರ. ನೀವು ಕೇಳಿದ 185 ಅಗಲದಲ್ಲಿ ಈ ಚಕ್ರಕ್ಕೆ ಸಿಗುವ 185/60 ಆರ್ 13ರ ಎತ್ತರ 552. ಅದನ್ನು ಹಾಕಿದರೆ ಕಾರು 13 ಮಿಲಿಮೀಟರ್ ತಗ್ಗುತ್ತದೆ, ಸ್ಪೀಡೊಮೀಟರ್ ಸುಳ್ಳು ಹೇಳುತ್ತದೆ. ಅದಕ್ಕೆ ಕನಿಷ್ಠ ಐದು ಇಂಚಿನ ಡಿಸ್ಕ್ ಬೇರೆ ಬೇಕು.

ಡಿಸ್ಕ್ ಬದಲಿಸುವ ಆಸೆ ಬಂದರೆ ಒಂದು ಎಚ್ಚರಿಕೆ. ಹೆರಾಲ್ಡಿನ ನಾಲ್ಕು ಬೋಲ್ಟುಗಳು ಕೂತ ವೃತ್ತದ ವ್ಯಾಸ 95.25 ಮಿಲಿಮೀಟರ್. ಆಲ್ಟೊ, ಸ್ವಿಫ್ಟ್ ಕಾರುಗಳದ್ದು 100. ಕಣ್ಣಳತೆಗೆ ಒಂದೇ ಎನಿಸುತ್ತದೆ, ಒಂದೆರಡು ನಟ್ಟು ಹಿಡಿದೂ ಬಿಡುತ್ತದೆ. ತೂತು ಕೊರೆದು ಹಿಗ್ಗಿಸಿ ಹಾಕಿಕೊಡುತ್ತೇನೆ ಎನ್ನುವವರಿಗೆ ಕೈಮುಗಿದು ಬನ್ನಿ.

ಟೈರು ಕೊಳ್ಳುವಾಗ ಬ್ರಾಂಡಿಗಿಂತ ಹುಟ್ಟಿದ ದಿನಾಂಕ ಮುಖ್ಯ. ಪಕ್ಕೆಯ ಮೇಲೆ ನಾಲ್ಕು ಅಂಕೆ ಇರುತ್ತವೆ, ಮೊದಲೆರಡು ವಾರ, ಉಳಿದೆರಡು ವರ್ಷ. 2324 ಎಂದಿದ್ದರೆ 2024ರ ಇಪ್ಪತ್ತಮೂರನೇ ವಾರ. ಶೆಡ್ಡಿನಲ್ಲಿ ನಿಂತ ಹಳೆಯ ಕಾರುಗಳ ಟೈರು ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ಗೀರು ಹೊಸದರಂತೆ ಕಂಡರೂ ಉಗುರು ಒತ್ತಿದರೆ ಇಳಿಯುವುದಿಲ್ಲ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. ಆರು ವರ್ಷ ದಾಟಿದ ಟೈರಿನ ಮೇಲೆ ಮಳೆಯಲ್ಲಿ ಭರವಸೆ ಇಡಬೇಡಿ. ಗೀರಿನ ಆಳಕ್ಕೆ ಕಾನೂನು ಇಟ್ಟಿರುವ ಕನಿಷ್ಠ ಮಿತಿ 1.6 ಮಿಲಿಮೀಟರ್. ಕೊಡಗಿನ ಮಳೆಗೆ 3 ಇರುವಾಗಲೇ ಬದಲಿಸಿ. ಹಳೆಯ ಡಿಸ್ಕುಗಳ ಅಂಚಿನಲ್ಲಿ ಟ್ಯೂಬ್‌ಲೆಸ್ ಟೈರನ್ನು ಹಿಡಿದಿಡುವ ಉಬ್ಬು ಇರುವುದಿಲ್ಲ. ಆದ್ದರಿಂದ ರೇಡಿಯಲ್ಲಿಗೆಂದೇ ಮಾಡಿದ ಟ್ಯೂಬ್ ಹಾಕಿಸಿ.

ನಾಲ್ಕೂ ಒಂದೇ ಸಲ ಬದಲಿಸಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್ ಪ್ಲೈ ಎಂಬ ಜೋಡಣೆ ಯಾವ ಕಾರಿಗೂ ಕೂಡದು, ಸ್ವಿಂಗ್ ಆಕ್ಸೆಲ್ಲಿಗಂತೂ ಕೂಡದೇ ಕೂಡದು. ಗಾಳಿ ಹಿಡಿಸುವಾಗ ಹಿಂದೆ ಮುಂದಿಗಿಂತ ನಾಲ್ಕೈದು ಪೌಂಡ್ ಹೆಚ್ಚಿರಲಿ. ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಹಾಕಲು ಹೊರಟರೆ ತಡೆಯಿರಿ. ಮುಂಚಕ್ರ ಸ್ವಲ್ಪ ಮೊದಲು ಜಾರಿದರೆ ನೀವು ಉಳಿದಿರಿ, ಹಿಂಚಕ್ರ ಮೊದಲು ಜಾರಿದರೆ ಕಷ್ಟ. ಅದಕ್ಕೇ ಕೊರ್ವೇರ್ ಕಾರಿಗೆ ಕಂಪನಿ ಹೇಳಿದ್ದು ಮುಂದೆ 15, ಹಿಂದೆ 26 ಪೌಂಡ್.

ಅಗಲದ ಟೈರಿನಿಂದ ಇನ್ನೊಂದು ಏಟು ಬೀಳುವುದು ಮುಂಚಕ್ರದ ಟ್ರನಿಯನ್ನಿಗೆ. ಮುಂಚಕ್ರ ತಿರುಗುವುದೇ ಆ ಚಿಕ್ಕ ಹಿತ್ತಾಳೆ ಬಣ್ಣದ ತುಂಡಿನೊಳಗಿನ ಮರೆಯ (ಥ್ರೆಡ್ಡಿನ) ಮೇಲೆ. ಅದಕ್ಕೆ ಹಾಕಬೇಕಾದ್ದು ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್. ಗ್ರೀಸ್ ತುಂಬಿದರೆ ಅದು ಮರೆಯೊಳಗೆ ಇಳಿಯದೆ, ನೀರು ಸೇರಿ, ತುಕ್ಕು ತಿಂದು, ಒಂದು ದಿನ ಚಕ್ರ ಹೊತ್ತ ಕಂಬ ಮುರಿದು ಚಕ್ರ ಅಡ್ಡಬೀಳುತ್ತದೆ. ರಿಪೇರಿ ಮಾಡಿದವರು ಏನು ಹಾಕಿದ್ದಾರೆಂದು ಕೇಳಿ, ಗ್ರೀಸ್ ಎಂದರೆ ಬಿಚ್ಚಿಸಿ ತೊಳೆಸಿ.

ಕಾನೂನಿನ ಕಡೆಯಿಂದಲೂ ಮೂಲ ಸೈಜಿನ ಹತ್ತಿರ ಇರುವುದೇ ಕ್ಷೇಮ. ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅಡಿಯಲ್ಲಿ ಹೇಳಿದೆ. ಮಡ್‌ಗಾರ್ಡಿನಿಂದ ಹೊರಚಾಚಿದ ಟೈರು ಯಾರ ಕಣ್ಣಿಗಾದರೂ ಬೀಳುತ್ತದೆ. 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅದನ್ನು ಮಾಡಿಸಿದ ಮೇಲೆ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಿಮ್ಮದು ಮಡಿಕೇರಿಗೆ ಹೋಗಿಬರುವ ಕಾರಾದ್ದರಿಂದ ಯೋಚಿಸಿ ನಿರ್ಧರಿಸಿ.

ಹಣ ಎತ್ತಿಟ್ಟಿದ್ದರೆ ಹೀಗೆ ಖರ್ಚು ಮಾಡಿ: ಮೊದಲು ಕಮಾನು, ಆಮೇಲೆ ಟ್ರನಿಯನ್, ಆಮೇಲೆ ಸ್ಟೆಪ್ನಿಯೂ ಸೇರಿ ಐದು ಹೊಸ ಟೈರು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಪದರ ಇರುತ್ತದೆ, ಅದು ಸವೆಯಲು 150-200 ಕಿಲೊಮೀಟರ್ ಬೇಕು. ಅಲ್ಲಿಯವರೆಗೆ ನಿಧಾನವಾಗಿ ಹೋಗಿ. ಮತ್ತು ಮಾದಾಪುರದ ತಿರುವುಗಳಲ್ಲಿ ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸಿ, ಒಳಹೊಕ್ಕ ಮೇಲೆ ಆಕ್ಸಿಲರೇಟರಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟೇ ಇರಿ.